ಜಬೀನಾ ಆಪಾ ಮತ್ತು ಹೊಂಗೆದೊಡ್ಡಿ ರಸ್ತೆ

ಚನ್ನಪಟ್ಟಣದ ಹೆದ್ದಾರಿ ಬದಿಯಲ್ಲಿ, ಒಂದು ಬೊಂಬೆ ಅಂಗಡಿಯ ಮೇಲಿನ ಮಹಡಿಯಲ್ಲಿ ನಮ್ಮ ಆಫೀಸು. ಅದರ ಕಿಟಕಿಯಿಂದ ಹಗ್ಗ ಕಟ್ಟಿದ ಬಿದಿರಿನ ಬುಟ್ಟಿಯೊಂದು ದಿನವೆಲ್ಲ ಹೊರಗೆ ತೂಗಾಡುತ್ತಿತ್ತು. ಮೇಲಿನ ಮನೆಯವರು ತರಕಾರಿಗೆ ಬುಟ್ಟಿ ಇಳಿಬಿಟ್ಟಿದ್ದಾರೆ ಎಂದೇ ದಾರಿಯಲ್ಲಿ ಹೋಗುವವರು ತಿಳಿಯುತ್ತಿದ್ದರು. ಅದರೊಳಗೆ ಇರುತ್ತಿದ್ದುದು ಆಫೀಸು ನಡೆಸುತ್ತಿದ್ದ ಜಬೀನಾ ಆಪಾ, ಅಂದರೆ ಜಬೀನಾ ಅಕ್ಕ, ಅವರ ಮೊಬೈಲು. ನಮ್ಮದು ಹಳೇ ಕಾಲದ ದಪ್ಪ ಗೋಡೆಯ ಕಟ್ಟಡ, ಸಿಗ್ನಲ್ಲು ಒಳಗೆ ಬರಲು ಒಪ್ಪುತ್ತಿರಲಿಲ್ಲ. ಕೇಬಲ್ಲಿನ ಇಂಟರ್‌ನೆಟ್ಟು ಕೈಕೊಟ್ಟಾಗಲೆಲ್ಲ, ಅಂದರೆ ಹೆಚ್ಚುಕಮ್ಮಿ ದಿನಾಲೂ, ಆಪಾ ಮೊಬೈಲಿನ ಹಾಟ್‌ಸ್ಪಾಟ್ ಹಾಕಿ, ಬುಟ್ಟಿಯಲ್ಲಿಟ್ಟು ಬಿಸಿಲಿಗೆ ಇಳಿಬಿಡುತ್ತಿದ್ದರು. ಒಮ್ಮೆ ಸೊಪ್ಪು ಮಾರುವವಳು ಅದರೊಳಕ್ಕೆ ಕೊತ್ತಂಬರಿ ಕಟ್ಟು ಹಾಕಿ, "ಅಕ್ಕಾ, ಎಳ್ಕಳಿ" ಎಂದು ಕೂಗಿದಳು. ಆಪಾ ಎಳೆದುಕೊಂಡರು, ದುಡ್ಡು ಇಳಿಬಿಟ್ಟರು, ನೆಂದ ಮೊಬೈಲನ್ನು ದುಪ್ಪಟ್ಟಾದಲ್ಲಿ ಒರೆಸಿ ಮತ್ತೆ ಬುಟ್ಟಿಗೆ ಹಾಕಿ, "ಹೂಂ, ಈಗ ಕನೆಕ್ಟ್ ಕೊಡಮ್ಮ" ಎಂದು ನನ್ನ ಕಡೆ ತಿರುಗಿದರು. ಆವತ್ತು ಮಧ್ಯಾಹ್ನ ನಮ್ಮ ಆಫೀಸಿನಲ್ಲಿ ಕೊತ್ತಂಬರಿ ಚಟ್ನಿ.

ನಮ್ಮ ಆಫೀಸಿನ ಕೆಲಸ ನಕ್ಷೆ ಮಾಡಿಕೊಡುವುದು. ಪಂಚಾಯ್ತಿಗಳಿಗೆ ಕುಡಿಯುವ ನೀರಿನ ಪೈಪು ಎಲ್ಲೆಲ್ಲಿ ಹೋಗಿದೆ ಎಂದು ತೋರಿಸುವ ನಕ್ಷೆ, ತೋಟದವರಿಗೆ ಡ್ರಿಪ್ಪಿನ ನಕ್ಷೆ, ಶಾಲೆಯವರಿಗೆ ಮಕ್ಕಳು ಯಾವ ಯಾವ ಊರಿಂದ ಬರುತ್ತಾರೆ ಎನ್ನುವ ನಕ್ಷೆ. ಇದನ್ನೆಲ್ಲ ಮಾಡಲು ಕಂಪ್ಯೂಟರಿನಲ್ಲಿ ಒಂದು ದೊಡ್ಡ ಸಾಫ್ಟ್‌ವೇರ್ ಇತ್ತು. ಆದರೆ ಸಾಫ್ಟ್‌ವೇರು ಬರೀ ಒಲೆ, ಅಕ್ಕಿಬೇಳೆ ಬೇರೆ ಕಡೆಯಿಂದ ಬರಬೇಕು. ಊರಿನ ಗಡಿ ಒಂದು ಕಡೆಯ ಸರ್ವರಿನಲ್ಲಿ, ಆಕಾಶದಿಂದ ತೆಗೆದ ಚಿತ್ರ ಇನ್ನೊಂದು ಕಡೆಯಲ್ಲಿ, ರಸ್ತೆಗಳು ಮತ್ತೊಂದು ಕಡೆಯಲ್ಲಿ. ಎಲ್ಲೋ ದೂರದಲ್ಲಿ ಕೂತ ಆ ಸರ್ವರುಗಳ ವಿಳಾಸ ಕೊಟ್ಟು, ಸಂಪರ್ಕ ಮಾಡಿ, ಬೇಕಾದ್ದನ್ನು ನಮ್ಮ ಪರದೆಗೆ ತರಿಸಿಕೊಳ್ಳುವುದೇ ಅರ್ಧ ಕೆಲಸ. ಆ ಅರ್ಧ ಕೆಲಸದಲ್ಲಿ ಆಪಾ ಎತ್ತಿದ ಕೈ, ಮತ್ತು ಅದನ್ನು ಅವರೇ ಎಲ್ಲರಿಗೂ ಹೇಳುತ್ತಿದ್ದರು. "ಈ ತಾಲ್ಲೂಕಲ್ಲಿ ನನ್ನಂಗೆ ಯಾರಿಗೂ ಬರಾಕಿಲ್ಲ ಬುಡು" ಎಂದು ಗಿರಾಕಿಗಳ ಮುಂದೆಯೇ ಹೇಳಿ, ಟೀ ಹೀರಿ, ತಾವೇ ತಲೆಯಾಡಿಸಿಕೊಳ್ಳುತ್ತಿದ್ದರು. ವಿನಯ ಅನ್ನುವುದು ಅವರ ಹತ್ತಿರ ಸುಳಿಯುತ್ತಿರಲಿಲ್ಲ. ನನಗಂತೂ ಅದು ತುಂಬಾ ಹಿಡಿಸುತ್ತಿತ್ತು.

ಐವತ್ತರ ಹತ್ತಿರದ ಹೆಂಗಸು, ಗುಂಡಗೆ, ಗಟ್ಟಿ ದನಿ. ಮೂಗಿನ ತುದಿಯಲ್ಲಿ ಕನ್ನಡಕ. ಅವರ ಮನೆಯವರು ತಲೆಮಾರಿನಿಂದ ರೇಷ್ಮೆ ನೂಲು ತೆಗೆಯುವವರು. ಚಿಕ್ಕಂದಿನಲ್ಲಿ ಬಿಸಿನೀರಿನಲ್ಲಿ ಬೆಂದ ಗೂಡುಗಳ ನಡುವೆ ಎಳೆಯ ತುದಿ ಹುಡುಕಿದ ಬೆರಳುಗಳು ಅವು. ಹಾಗಾಗಿ ನನಗೆ ಮೊದಲ ದಿನ ಪಾಠವೂ ಅಲ್ಲಿಂದಲೇ ಶುರುವಾಯಿತು. "ನೋಡು ಸುನಂದಾ, ಗೂಡಲ್ಲಿ ನೂಲು ಎಷ್ಟಾರಾ ಇರ್ಲಿ, ತುದಿ ಸಿಗ್ನಿಲ್ಲ ಅಂದ್ರೆ ಏನೂ ಇಲ್ಲ. ಸರ್ವರ್ ವಿಳಾಸ ಅಂದ್ರೆ ಆ ತುದಿ. ಒಂದು ಚುಕ್ಕೆ ತಪ್ಪಿದ್ರೂ ಎಳೆ ಸಿಗಾಕಿಲ್ಲ. ಸಿಕ್ತು ಅಂದ್ರೆ ತಾನಾಗೇ ಬಿಚ್ಕಂಡು ಬತ್ತದೆ."

ಸಂಪರ್ಕ ಸಿಕ್ಕಿದ ಕೂಡಲೇ ಆ ಸರ್ವರಿನಲ್ಲಿ ಏನೇನಿದೆ ಎನ್ನುವ ಪಟ್ಟಿ ಪರದೆಯ ಮೇಲೆ ತೆರೆದುಕೊಳ್ಳುತ್ತದೆ. ಬೇರೆಯವರು ತಮಗೆ ಬೇಕಾದ್ದನ್ನು ಒತ್ತಿ ಮುಂದೆ ಹೋಗುತ್ತಾರೆ. ಆಪಾ ಹಾಗಲ್ಲ, ಹೋಟೆಲ್ ಮಾಣಿ ತಿಂಡಿ ಒಪ್ಪಿಸುವ ಹಾಗೆ ಮೇಲಿಂದ ಕೆಳಗಿನವರೆಗೆ ಎಲ್ಲವನ್ನೂ ಜೋರಾಗಿ ಓದುತ್ತಿದ್ದರು. "ಕೆರೆ ಐತೆ, ಕಾಲುವೆ ಐತೆ, ಕಾಡು ಐತೆ, ಅರೆ, ಅಂಗನವಾಡೀನೂ ಮಡಗವ್ರೆ." ಯಾರೋ ಕೂತು ಇಷ್ಟೆಲ್ಲ ಜೋಡಿಸಿಟ್ಟಿರುವಾಗ ಒಮ್ಮೆಯಾದರೂ ಓದಬೇಕು, ಅದು ಮರ್ಯಾದೆ ಎನ್ನುವುದು ಅವರ ವಾದ. ಬೇಗ ಬಂದರೆ ಸರ್ವರನ್ನು ಉರ್ದುವಿನಲ್ಲಿ ಹೊಗಳುವುದು, ತಡ ಮಾಡಿದರೆ ಕನ್ನಡದಲ್ಲಿ ಬೈಯುವುದು. ಬೈಗುಳಕ್ಕೆ ಕನ್ನಡವೇ ಯಾಕೆ ಎಂದು ಕೇಳಿದ್ದಕ್ಕೆ, "ಉರ್ದೂಲಿ ಬೈದ್ರೆ ನಮ್ಮಮ್ಮನ್ನೇ ಬೈದಂಗಾಯ್ತದೆ ಕಣಮ್ಮ" ಅಂದರು.

ನಾನು ಅಲ್ಲಿಗೆ ಬಂದದ್ದು ಹೊಂಗೆದೊಡ್ಡಿಯಿಂದ. ಬೈರಾಪಟ್ಟಣದಲ್ಲಿ ಬಸ್ಸಿಳಿದು, ಒಳಕ್ಕೆ ಹೊಲದ ನಡುವೆ ನಡೆಯುತ್ತಾ ಹೋದರೆ ಸಿಗುವ ಸಣ್ಣ ಊರು ಅದು, ಇಂಥ ಊರಿಗೆ ನಮ್ಮ ಕಡೆ ದೊಡ್ಡಿ ಅನ್ನುತ್ತಾರೆ. ಮದುವೆಯಾಗಿ ಅಲ್ಲಿಗೆ ಹೋದವಳು ನಾನು. ಮೊದಲೇ ಕಂಪ್ಯೂಟರ್ ಕಲಿತಿದ್ದೆ, ಹಾಗಾಗಿ ಆಪಾ ಸೇರಿಸಿಕೊಂಡರು. ನಕ್ಷೆಯ ಗಂಧ ಇರಲಿಲ್ಲ.

ಅದಕ್ಕೆ ಸಾಕ್ಷಿ ಬೇಕಾದರೆ ನಾನು ಸೇರಿದ ಹೊಸದರಲ್ಲಿ ನಡೆದ ಕಥೆ ಕೇಳಿ. ಊರಿನ ಗಡಿಗಳನ್ನು ಕೊಡುವ ಒಂದು ಸರ್ವರಿಗೆ ನಾನೇ ಮೊದಲ ಬಾರಿ ಸಂಪರ್ಕ ಮಾಡಿದೆ. ಎಲ್ಲಾ ಸರಿಯಾಯಿತು, ತಪ್ಪಾಗಿದೆ ಎಂದು ಹೇಳುವ ಕೆಂಪು ಗೆರೆ ಒಂದೂ ಬರಲಿಲ್ಲ, ಆದರೆ ಚನ್ನಪಟ್ಟಣದ ಮೇಲೆ ಗಡಿ ಮಾತ್ರ ಕಾಣಿಸುತ್ತಿಲ್ಲ. ಹುಡುಕುತ್ತಾ ಹುಡುಕುತ್ತಾ ನಕ್ಷೆಯನ್ನು ಚಿಕ್ಕದು ಮಾಡುತ್ತಾ ಹೋದೆ. ಭಾರತ ಬಂತು, ಏಷ್ಯಾ ಬಂತು, ಭೂಮಿಯೇ ಬಂತು. ಕೊನೆಗೆ ನೋಡುತ್ತೇನೆ, ಉತ್ತರ ಧ್ರುವದ ಹತ್ತಿರ, ಮಂಜುಗಡ್ಡೆ ತೇಲುವ ಸಮುದ್ರದಲ್ಲಿ ನಮ್ಮ ತಾಲ್ಲೂಕು ಒಂದು ಇರುವೆಯಷ್ಟು ಆಗಿ ಕೂತಿದೆ. ಹತ್ತಿರ ಹೋದರೆ ದೊಡ್ಡಮಳೂರು, ಬೈರಾಪಟ್ಟಣ, ನಮ್ಮ ದೊಡ್ಡಿ, ಎಲ್ಲಾ ನೀಟಾಗಿ ಇವೆ, ಸುತ್ತ ನೀಲಿ ನೀರು.

ಆಪಾ ನೋಡಿದರು. ಕನ್ನಡಕ ತೆಗೆದರು. ಆಮೇಲೆ ನಗಲು ಶುರು ಮಾಡಿದವರು ಕುರ್ಚಿಯಿಂದ ಇಳಿದು ನೆಲದ ಮೇಲೆ ಕೂತರು. ಕೆಳಗಿನ ಬೊಂಬೆ ಅಂಗಡಿಯವರನ್ನು ಕರೆದು ತೋರಿಸಿದರು. ಅಷ್ಟಕ್ಕೂ ಸಮಾಧಾನವಾಗದೆ ನನ್ನ ಮೊಬೈಲು ಕಸಿದುಕೊಂಡು ನಮ್ಮತ್ತೆಗೆ ಫೋನು ಮಾಡಿದರು. "ಅಮ್ಮಾ, ನಿಮ್ ಸೊಸೆ ನಿಮ್ಮೂರ್ನ ತಕೊಂಡೋಗಿ ಐಸಲ್ಲಿ ಮಡಗವಳೆ. ಕಂಬ್ಳಿ ಹೊದ್ಕಂಡು ಕೂತ್ಕಳಿ." ನಮ್ಮತ್ತೆ ಎಂದೂ ನೋಡದ ಈ ಹೆಂಗಸಿಗೆ ಅಷ್ಟೇ ಗಂಭೀರವಾಗಿ, "ಹಸೂನೂ ಒಳಿಕ್ಕೆ ಕಟ್ಲಾ?" ಎಂದು ಕೇಳಿದರಂತೆ. ಆವತ್ತಿನಿಂದ ಅವರಿಬ್ಬರೂ ಗೆಳತಿಯರು. ನಮ್ಮತ್ತೆ ಅವರನ್ನು ಆಪವ್ವ ಎನ್ನತೊಡಗಿದರು.

ನಗು ಮುಗಿದ ಮೇಲೆ ಆಪಾ ಕೂರಿಸಿಕೊಂಡು ಹೇಳಿಕೊಟ್ಟರು. ಯಾವುದೇ ಜಾಗಕ್ಕೆ ಎರಡು ಅಂಕಿ. ಭೂಮಿಯ ಮೇಲೆ ಎಷ್ಟು ಉತ್ತರಕ್ಕೆ, ಎಷ್ಟು ಪೂರ್ವಕ್ಕೆ. ಕೆಲವು ಸರ್ವರುಗಳು ಉತ್ತರ ಮೊದಲು ಹೇಳುತ್ತವೆ, ಕೆಲವು ಪೂರ್ವ. ಅವರು ಹೇಳಿದ್ದು ಒಂದು, ನಮ್ಮ ಕಂಪ್ಯೂಟರು ಅಂದುಕೊಂಡದ್ದು ಇನ್ನೊಂದು ಆದರೆ ಊರು ಹಿಮಕ್ಕೆ ಹೋಗುತ್ತದೆ. ಸಂಪರ್ಕ ಮಾಡುವ ಜಾಗದಲ್ಲೇ ಒಂದು ಸಣ್ಣ ಚೌಕ ಇದೆ, ಅದಕ್ಕೆ ಟಿಕ್ ಹಾಕಬೇಕು ಅಷ್ಟೆ. ಹಾಕಿದೆ. ತಾಲ್ಲೂಕು ಒಂದೇ ನೆಗೆತಕ್ಕೆ ಕಣ್ವ ಜಲಾಶಯದ ಪಕ್ಕಕ್ಕೆ ವಾಪಸ್ಸು ಬಂತು. "ಶಾಬಾಶ್" ಅಂದರು ಆಪಾ. "ಇನ್ಮೇಲೆ ಜನ್ಮದಲ್ಲಿ ಮರೆಯಾಕಿಲ್ಲ ನೀನು." ಮರೆತಿಲ್ಲ.

ಈಗ ರಸ್ತೆಯ ವಿಷಯಕ್ಕೆ ಬರುತ್ತೇನೆ. ನನ್ನ ನಾದಿನಿ ಮಮತಾ ಆ ವರ್ಷ ಹತ್ತನೇ ತರಗತಿ ಮುಗಿಸಿ ಚನ್ನಪಟ್ಟಣದಲ್ಲಿ ಕಾಲೇಜಿಗೆ ಸೇರಿದಳು. ಬುದ್ಧಿವಂತೆ, ಲೆಕ್ಕದಲ್ಲಿ ಚುರುಕು. ಬೆಳಗ್ಗೆ ನಾವಿಬ್ಬರೂ ಒಟ್ಟಿಗೆ ಬೈರಾಪಟ್ಟಣದವರೆಗೆ ನಡೆದು ಬಸ್ಸು ಹತ್ತುತ್ತಿದ್ದೆವು. ತೊಂದರೆ ಸಂಜೆಯದು. ಅವಳ ಪ್ರಾಕ್ಟಿಕಲ್ ಮುಗಿಯುವ ಹೊತ್ತು ಒಂದು, ನನ್ನ ಆಫೀಸು ಬಿಡುವ ಹೊತ್ತು ಇನ್ನೊಂದು. ಚಳಿಗಾಲ ಬಂದು ಹೊತ್ತು ಬೇಗ ಮುಳುಗತೊಡಗಿದ ಮೇಲೆ ಅತ್ತೆಗೆ ತಳಮಳ. ಆನೆ ಬಂದಿದೆ ಎನ್ನುವ ಸುದ್ದಿ ಬೇರೆ. "ಕತ್ಲಲ್ಲಿ ಆ ಹಾದೀಲಿ ಹೆಣ್ಮಗ ಒಂಟಿಯಾಗಿ ಬರಕ್ಕಾಯ್ತದಾ? ಊರಿಗೆ ಬಸ್ಸು ಬಂದ್ರೆ ಓದ್ಲಿ. ಇಲ್ಲ ಅಂದ್ರೆ ಈ ವರ್ಷಕ್ಕೆ ಸಾಕು, ಮನೇಲಿರ್ಲಿ." ಅತ್ತೆ ಕೆಟ್ಟವರಲ್ಲ. ಹೆದರಿದವರು. ಮಮತಾ ಆ ರಾತ್ರಿ ಊಟ ಬಿಟ್ಟಳು. ಬಸ್ಸಿನ ವಿಷಯ ಇತ್ಯರ್ಥವಾಗುವವರೆಗೆ ಹೋಗಿಬರಲಿ ಎಂದು ಅತ್ತೆ ಒಪ್ಪಿದರು.

ನಮ್ಮ ದೊಡ್ಡಿಗೆ ಬಸ್ಸು ಬೇಕೆಂದು ಊರವರು ಎಷ್ಟೋ ಸಲ ಅರ್ಜಿ ಕೊಟ್ಟಿದ್ದರು. ಈ ಸಲ ನಮ್ಮ ಚಿಕ್ಕಮಾವ ಪುಟ್ಟೇಗೌಡರು, ಅಂದರೆ ನನ್ನ ಮಾವನವರ ತಮ್ಮ, ಬಸ್ಸಿನವರ ಕಚೇರಿಗೆ ಮತ್ತೆ ಹೋದರು. ಅಲ್ಲಿನ ಸಾಹೇಬರು ಒಳ್ಳೆಯ ಮನುಷ್ಯರೇ, ಕಂಪ್ಯೂಟರಿನಲ್ಲಿ ನಕ್ಷೆ ತೆರೆದು ತೋರಿಸಿದರಂತೆ. ರಸ್ತೆ ಬೈರಾಪಟ್ಟಣದಿಂದ ಹೊರಟು ಹಳ್ಳದವರೆಗೆ ಬಂದು ನಿಂತುಹೋಗುತ್ತದೆ. ಹಳ್ಳದಿಂದಾಚೆ ಬರೀ ಹಸಿರು. "ರಸ್ತೆಯೇ ಇಲ್ಲದ ಕಡೆ ಬಸ್ಸು ಹೇಗೆ ಕಳಿಸಲಿ ಗೌಡ್ರೇ?" ಎಂದು ಕೇಳಿದರಂತೆ. ಹಳ್ಳಕ್ಕೆ ಸೇತುವೆಯಾಗಿ, ಡಾಂಬರು ಬಿದ್ದು ಎಷ್ಟೋ ಕಾಲವಾಗಿತ್ತು. ಚಿಕ್ಕಮಾವ ಆ ರಸ್ತೆಯ ಮೇಲೇ ಸ್ಕೂಟರ್ ಓಡಿಸಿಕೊಂಡು ಅಲ್ಲಿಗೆ ಹೋಗಿದ್ದರು. ಆದರೂ ಪರದೆ ನೋಡಿದ ಮೇಲೆ ಅವರಿಗೇ ಒಂದು ಗಳಿಗೆ ಅನುಮಾನ ಬಂತಂತೆ.

ಮರುದಿನ ನಾನು ಇದನ್ನು ಆಪಾಗೆ ಹೇಳಿದಾಗ ಅವರು ತಿನ್ನುತ್ತಿದ್ದ ಬಿಸ್ಕತ್ತು ಕೆಳಗಿಟ್ಟರು. ಅವರು ತಿಂಡಿ ಅರ್ಧಕ್ಕೆ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಅವ್ರು ನೋಡಿದ್ದು ಯಾವ ನಕ್ಷೆ?" ಎಂದು ಕೇಳಿದರು. ಸಾಹೇಬರು ನೋಡಿದ್ದು ಯಾರು ಬೇಕಾದರೂ ತಿದ್ದಬಹುದಾದ, ಇಡೀ ಜಗತ್ತಿನ ಜನ ಸೇರಿ ಬರೆದಿರುವ ಒಂದು ನಕ್ಷೆ. ನಮ್ಮ ಆಫೀಸಿನಲ್ಲಿ ಎಲ್ಲಾ ಕೆಲಸಕ್ಕೂ ತಳಕ್ಕೆ ಹಾಸಿಕೊಳ್ಳುತ್ತಿದ್ದುದು ಅದನ್ನೇ. ಆಪಾ ಅದನ್ನು ತೆರೆದರು, ಅದರ ಮೇಲೆ ಆಕಾಶದ ಚಿತ್ರ ಕೊಡುವ ಸರ್ವರಿಗೆ ಸಂಪರ್ಕ ಕೊಟ್ಟರು. ಚಿತ್ರದಲ್ಲಿ ಸೇತುವೆ ಇದೆ, ಕಪ್ಪು ರಸ್ತೆ ಇದೆ, ನಮ್ಮ ಮನೆಯ ಹೆಂಚು ಕೂಡ ಇದೆ. ನಕ್ಷೆಯಲ್ಲಿ ಯಾವುದೂ ಇಲ್ಲ. "ಯಾರೂ ಬರೆದಿಲ್ಲ, ಅದುಕ್ಕೆ ಇಲ್ಲ" ಅಂದರು ಆಪಾ. "ನಾವೇ ಬರೆಯಣ. ಆ ಹುಡುಗಿ ಕಾಲೇಜು ಬುಡಿಸಾಕೆ ನಾನಂತೂ ಬುಡಾಕಿಲ್ಲ."

ಚಿತ್ರ ನೋಡಿ ಗೆರೆ ಎಳೆದುಬಿಡಬಹುದಿತ್ತು. ಆದರೆ ಹೊಂಗೆಮರಗಳ ನೆರಳಲ್ಲಿ ರಸ್ತೆ ಅಲ್ಲಲ್ಲಿ ಮುಚ್ಚಿಹೋಗಿತ್ತು. ಯಾರಾದರೂ ಮೊಬೈಲು ಹಿಡಿದು, ಹೋದ ದಾರಿಯನ್ನು ದಾಖಲಿಸುವ ಆಪ್ ಹಾಕಿಕೊಂಡು ನಡೆದರೆ ಅನುಮಾನವೇ ಇರುವುದಿಲ್ಲ. ಚಿಕ್ಕಮಾವ ತಾವೇ ನಡೆಯುತ್ತೇನೆ ಎಂದರು. ಆಪಾ ಫೋನಿನಲ್ಲಿ ಅವರಿಗೆ ಪಾಠ ಮಾಡಿದರು. "ಗೌಡ್ರೇ, ಬೈರಾಪಟ್ಟಣದಿಂದ ಶುರು ಮಾಡಿ, ಊರಿನ ಕೊನೆಗಂಟ ಬನ್ನಿ. ರೋಡು ಬುಟ್ಟು ಆಚೀಚೆ ಹೋಗ್ಬೇಡಿ." "ಎಲ್ಲಿಗೂ ಹೋಗಾಕಿಲ್ಲ ಕಣವ್ವ, ನೆಟ್ಟಗೆ ಬತ್ತೀನಿ" ಎಂದು ಚಿಕ್ಕಮಾವ ಮಾತು ಕೊಟ್ಟರು.

ಆ ದಾಖಲೆ ಮರುದಿನ ಪರದೆಯ ಮೇಲೆ ಬಿತ್ತು. ಹಳ್ಳದವರೆಗೆ ಗೆರೆ ನೆಟ್ಟಗೆ ಬಂದಿದೆ. ಸೇತುವೆ ದಾಟಿದ್ದೇ ತಡ, ಬಲಕ್ಕೆ ತಿರುಗಿ ಹೊಲದ ನಡುವೆ ಹೋಗಿ, ಒಂದು ಮನೆಯೊಳಗೆ ಹೊಕ್ಕು, ಅಲ್ಲಿ ಸ್ವಲ್ಪ ಒದ್ದಾಡಿ, ವಾಪಸ್ಸು ರಸ್ತೆಗೆ ಬಂದಿದೆ. ಮುಂದೆ ಎಡಕ್ಕೆ ಇನ್ನೊಂದು ಮನೆ. ಮತ್ತೆ ಬಲಕ್ಕೆ. ಒಂದು ಕಡೆಯಂತೂ ಹಿತ್ತಿಲಿನ ಕೊಟ್ಟಿಗೆಯವರೆಗೂ ಹೋಗಿದೆ. ಊರಿನ ಕೊನೆಯಲ್ಲಿ ಗೆರೆ ಗುಂಡಗೆ ಸುತ್ತು ಹಾಕಿ ಹಾಕಿ ದಪ್ಪ ಬಳೆಯಾಗಿದೆ. ಆಪಾ ಫೋನು ಮಾಡಿ, "ಗೌಡ್ರೇ, ನೆಟ್ಟಗೆ ಬತ್ತೀನಿ ಅಂದಿದ್ರಿ" ಅಂದರು.

"ನೆಟ್ಟಗೇ ಬಂದೆ ಕಣವ್ವ" ಅಂದರು ಚಿಕ್ಕಮಾವ.

"ಮತ್ತೆ ಇದ್ಯಾವ ಮನೆ ಹೊಕ್ಕಿದ್ರಿ?"

"ಅದು ನಮ್ಮಕ್ಕನ ಮನೆ. ನಡ್ಕಂಡು ಹೋಗೋದ ನೋಡಿ ಕಾಪಿ ಕುಡ್ಕಂಡು ಹೋಗು ಅಂದ್ಲು. ಅಕ್ಕನ ಮನೆ ಮುಂದೆ ಹಂಗೇ ದಾಟ್ಕಂಡು ಹೋದ್ರೆ ಏನಂದ್ಕತಾಳೆ? ಆಚೆದು ಬೀಗರ ಮನೆ. ಕೊಟ್ಟಿಗೆ ಇರದು ನಮ್ ಭಾವನ್ದು, ಹಸ ಕರ ಹಾಕಿತ್ತು, ನೋಡ್ಕಂಡು ಬಂದೆ."

"ಕೊನೇಲಿ ಸುತ್ತಿರದು?"

"ಅರಳಿಕಟ್ಟೆ ಅಲ್ವೇನವ್ವ. ಅಲ್ಲಿಗಂಟ ಹೋಗಿ ಪ್ರದಕ್ಷಿಣೆ ಹಾಕದೆ ಬತ್ತಾರಾ?"

ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಅವರ ಲೆಕ್ಕದಲ್ಲಿ ಅದೇ ನೆಟ್ಟನೆಯ ದಾರಿ. ಸ್ಕೂಟರಿನಲ್ಲಿ ಹೋದರೆ ಮನೆಗಳು ದಾಟಿಹೋಗುತ್ತವೆ, ಯಾರೂ ತಪ್ಪು ತಿಳಿಯುವುದಿಲ್ಲ. ಕಾಲಲ್ಲಿ ನಡೆದವನು ಒಳಗೆ ಹೋಗದಿದ್ದರೆ ಜಗಳ ಎಂದೇ ಅರ್ಥ. ನಾನು ಆ ಗಂಟುಗಳನ್ನೆಲ್ಲ ಅಳಿಸಲು ಹೊರಟೆ. ಆಪಾ ನನ್ನ ಕೈ ಹಿಡಿದರು. "ರಸ್ತೆ ಬರೆಯಾಕೆ ಬೇರೆ ಮಾಡ್ಕೊ, ಚೊಕ್ಕಟ್ಟಾಗಿ ಬರಿ. ಇದ ಮುಟ್ಬೇಡ. ಮನ್ಷ ನಡ್ದಿರದು ನಡ್ದಂಗೇ ಇರ್ಲಿ." ಹೇಳಿದ್ದು ಕೆಲಸದ ಶಿಸ್ತಿನ ಮಾತು. ಆದರೆ ಅವರ ಮುಖ ನೋಡಿದರೆ ಆ ಗೆರೆಯ ಮೇಲೆ ಅವರಿಗೆ ಪ್ರೀತಿ ಹುಟ್ಟಿದ್ದು ಕಾಣುತ್ತಿತ್ತು. ಆವತ್ತೆಲ್ಲ ಬಂದವರಿಗೆಲ್ಲ ಅದನ್ನು ತೋರಿಸಿದರು.

ರಸ್ತೆಯನ್ನು ನಾವು ಬರೆದೆವು. ಸೇತುವೆ, ತಿರುವು, ಅರಳಿಕಟ್ಟೆ, ಊರಿನ ಹೆಸರು. ಬರೆದ ಕೂಡಲೇ ಎಲ್ಲರಿಗೂ ಕಾಣುವುದಿಲ್ಲ, ದೂರದ ಸರ್ವರು ತನ್ನ ಚಿತ್ರವನ್ನು ಹೊಸದಾಗಿ ಬರೆದುಕೊಳ್ಳಬೇಕು. ನಾನು ಬಂದ ತಕ್ಷಣ ಕಂಪ್ಯೂಟರ್ ಹಾಕಿ ನೋಡುವುದು, ಮಮತಾ ಕಾಲೇಜಿನಿಂದ ಫೋನು ಮಾಡಿ "ಬಂತಾ ಅತ್ಗೆ?" ಎಂದು ಕೇಳುವುದು, ಹೀಗೇ ನಡೆಯಿತು. ಒಂದು ಬೆಳಗ್ಗೆ ಬಂತು. ಹಳ್ಳದಿಂದಾಚೆ ಬಿಳಿ ಗೆರೆ, ಅದರ ತುದಿಯಲ್ಲಿ ಕನ್ನಡದಲ್ಲಿ ಹೊಂಗೆದೊಡ್ಡಿ. ನಾನು ಮಮತಾಗೆ ಫೋನು ಮಾಡಿದೆ. ಆಪಾ ಬೊಂಬೆ ಅಂಗಡಿಯವರಿಗೆ ಕೇಳುವ ಹಾಗೆ ಉರ್ದುವಿನಲ್ಲಿ ಸರ್ವರನ್ನು ಹೊಗಳಿದರು.

ಆಮೇಲೆ ಆಪಾ, ಚಿಕ್ಕಮಾವ, ಮಮತಾ ಮತ್ತು ನಾನು ಬಸ್ಸಿನವರ ಕಚೇರಿಗೆ ಹೋದೆವು. ಆಪಾ ತಮ್ಮ ಲ್ಯಾಪ್‌ಟಾಪು ಸಾಹೇಬರ ಮೇಜಿನ ಮೇಲಿಟ್ಟು, ಮೊಬೈಲನ್ನು ಅವರ ಕಿಟಕಿಗೆ ಸಿಕ್ಕಿಸಿ, ನಕ್ಷೆ ತೆರೆದರು. ರಸ್ತೆ ಹಳ್ಳದವರೆಗೆ ಬಂದು ನಿಂತಿತು. ಆಚೆ ಬರೀ ಹಸಿರು.

ಸಾಹೇಬರು ನಮ್ಮ ಮುಖ ನೋಡಿದರು. ಮಮತಾ ಬಿಳಿಚಿಕೊಂಡಳು. ಬೆಳಗ್ಗೆಯಷ್ಟೇ ಆಫೀಸಿನ ಕಂಪ್ಯೂಟರಿನಲ್ಲಿ ನಾನು ಕಣ್ಣಾರೆ ನೋಡಿದ ರಸ್ತೆ, ಇಲ್ಲಿ ಇಲ್ಲ. ಆಪಾ ಒಂದಿಷ್ಟೂ ಅಳುಕದೆ ಕನ್ನಡಕ ಮೇಲೇರಿಸಿದರು. "ತಂಗ್ಳು ಬಡಿಸ್ತಾ ಐತೆ ಸಾರ್" ಅಂದರು. "ಒಸಿ ತಾಳಿ, ಬಿಸಿದು ತರುಸ್ತೀನಿ." ಒಮ್ಮೆ ತಂದ ಚಿತ್ರವನ್ನು ಪದೇ ಪದೇ ತರುವ ಶ್ರಮ ಯಾಕೆಂದು ಕಂಪ್ಯೂಟರು ತನ್ನೊಳಗೇ ಎತ್ತಿಟ್ಟುಕೊಂಡಿರುತ್ತದೆ. ಆ ಲ್ಯಾಪ್‌ಟಾಪು ಹಿಂದೆ ತಂದಿಟ್ಟ ಹಳೆಯ ಚಿತ್ರವನ್ನೇ ತೋರಿಸುತ್ತಿತ್ತು. ಆಪಾ ಎತ್ತಿಟ್ಟದ್ದನ್ನೆಲ್ಲ ಅಳಿಸಿ ಮತ್ತೆ ಸಂಪರ್ಕ ಕೊಟ್ಟರು. ಪರದೆ ಖಾಲಿಯಾಯಿತು. ಆಮೇಲೆ ಒಂದೊಂದೇ ಚೌಕ ತುಂಬುತ್ತಾ ಬಂತು. ಬೈರಾಪಟ್ಟಣ ಬಂತು, ಹಳ್ಳ ಬಂತು, ಹಳ್ಳದ ಮೇಲೆ ಸೇತುವೆ ಬಂತು. ಕೊನೆಯ ಚೌಕ ಬಹಳ ಹೊತ್ತು ಸತಾಯಿಸಿತು. ಮಮತಾ ನನ್ನ ಕೈಯನ್ನು ಹಿಂಡುತ್ತಿದ್ದಳು. ಆಪಾ ಬಾಯೊಳಗೇ ಕನ್ನಡದಲ್ಲಿ ಏನೋ ಹೇಳಿದರು, ಆ ಚೌಕವೂ ಬಂತು, ನಮ್ಮ ಊರಿನ ಹೆಸರಿನೊಂದಿಗೆ.

ಸಾಹೇಬರು ಕುರ್ಚಿ ಹತ್ತಿರ ಎಳೆದುಕೊಂಡರು. "ರಸ್ತೆ ಇದೆ, ಸರಿ. ಬರೆದವರು ನೀವೇ. ನಡೆದು ನೋಡಿದ್ದೀರಾ?" ಆಪಾ ಇದಕ್ಕೇ ಕಾದಿದ್ದವರ ಹಾಗೆ ಚಿಕ್ಕಮಾವನ ಗೆರೆಯನ್ನು ಮೇಲೆ ಹಾಸಿದರು. ಸಾಹೇಬರು ಬಗ್ಗಿ ನೋಡಿ, "ಇದೇನ್ರೀ, ಇವರು ದಾರಿ ತಪ್ಪಿದ್ರಾ?" ಅಂದರು. ಚಿಕ್ಕಮಾವ ಎದ್ದು ನಿಂತು ಬೆರಳಿಟ್ಟು ವಿವರಿಸತೊಡಗಿದರು. ಅಕ್ಕನ ಮನೆ, ಬೀಗರ ಮನೆ, ಕರ ಹಾಕಿದ ಕೊಟ್ಟಿಗೆ. ಸಾಹೇಬರು ಬಾಯಿ ಮೇಲೆ ಕೈಯಿಟ್ಟುಕೊಂಡು ನಗು ತಡೆಯುತ್ತಾ ಕೇಳಿದರು. ಕೊನೆಗೆ ಅವರ ಕಣ್ಣು ಆ ಬಳೆಯ ಮೇಲೆ ನಿಂತಿತು.

"ಇಲ್ಲಿ ಸುತ್ತಿದ್ದೀರಲ್ಲ, ಇಲ್ಲಿ ಮರ ಅಲ್ವಾ? ಚಿತ್ರದಲ್ಲಿ ಬರೀ ಮರ ಕಾಣ್ತದೆ."

"ಅರಳಿಮರ ಸಾ. ಮೇಲೆ ಮರ, ಕೆಳಿಕ್ಕೆ ಬಯಲು. ಹುಲ್ಲಿನ ಲಾರಿ ಬಂದ್ರೆ ಕಟ್ಟೆ ಸುತ್ಕಂಡೇ ತಿರುಗ್ಸೋದು."

ಸಾಹೇಬರ ಮುಖ ಬದಲಾಯಿತು. ಅವರಿಗೆ ರಸ್ತೆಗಿಂತ ದೊಡ್ಡ ಚಿಂತೆ ಅದೇ ಆಗಿತ್ತು. ಸಣ್ಣ ಊರಿಗೆ ಬಸ್ಸು ಹೋದರೆ ತಿರುಗಿಸಿಕೊಳ್ಳಲು ಜಾಗವಿರುವುದಿಲ್ಲ, ರಿವರ್ಸಿನಲ್ಲೇ ಹಿಂದಕ್ಕೆ ಬರಬೇಕು. ಆಪಾ ಆಗಲೇ ಅಳತೆಯ ಸಲಕರಣೆ ತೆರೆದು ಕಟ್ಟೆಯಿಂದ ಸುತ್ತಲಿನ ಗೋಡೆಗಳವರೆಗೆ ಎಳೆದು ತೋರಿಸಿದರು. ಜಾಗ ಧಾರಾಳವಾಗಿತ್ತು. ಸಾಹೇಬರು ತಮ್ಮ ಡ್ರೈವರೊಬ್ಬರನ್ನು ಕರೆದು ತೋರಿಸಿದರು. ಆತ, "ಆರಾಮಾಗಿ ತಿರುಗ್ತದೆ ಸಾರ್" ಅಂದ. ಕಚೇರಿಯವರು ಹೋಗಿ ನೋಡಿಕೊಂಡು ಬಂದ ಮೇಲೆ ಅಪ್ಪಣೆಯಾಯಿತು, ಒಂದು ಷರತ್ತಿನೊಂದಿಗೆ. "ಬೆಳಗ್ಗೆ ಒಂದು, ಸಂಜೆ ಒಂದು ಬಿಡ್ತೀವಿ. ಸ್ವಲ್ಪ ಕಾಲ ನೋಡ್ತೀವಿ. ಖಾಲಿ ಓಡಿದರೆ ನಿಲ್ಲಿಸ್ತೀವಿ. ಆ ಊರಲ್ಲಿ ಬಸ್ಸು ಹತ್ತೋ ಜನ ಇದ್ದಾರೆ ಅಂತ ನನಗಿನ್ನೂ ನಂಬಿಕೆ ಬಂದಿಲ್ಲ."

ಬಸ್ಸು ಬಂತು. ಹೂವಿನ ಹಾರ, ತೆಂಗಿನಕಾಯಿ, ಚಿಕ್ಕಮಾವನ ಭಾಷಣ, ಎಲ್ಲಾ ಆಯಿತು. ಆದರೆ ಅತ್ತೆ ಇನ್ನೂ ಬಿಗಿಯಾಗಿಯೇ ಇದ್ದರು. "ಅವ್ರು ನಿಲ್ಸುದ್ರೆ ಏನ್ಮಾಡ್ತೀರಿ? ಬಸ್ಸು ನಿಂತ್ರೆ ಕಾಲೇಜೂ ನಿಂತಂಗೆ." ಮೊದಮೊದಲು ಬಸ್ಸಿನಲ್ಲಿ ಜನ ಅಷ್ಟಕ್ಕಷ್ಟೇ. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆಯಾಗಿದ್ದರೂ, ಬಸ್ಸು ನಾಳೆಯೂ ಬರುತ್ತದೆ ಎಂಬ ಧೈರ್ಯ ಯಾರಿಗೂ ಇರಲಿಲ್ಲ. ಸಂಜೆ ಬಸ್ಸಿನಲ್ಲಿ ನಾನು, ಮಮತಾ ಮತ್ತು ಒಬ್ಬ ಅಜ್ಜ ಮಾತ್ರ ಬಂದದ್ದೂ ಉಂಟು. ಕಂಡಕ್ಟರು ನಮ್ಮನ್ನೇ ಮತ್ತೆ ಮತ್ತೆ ಎಣಿಸುವ ಹಾಗೆ ಕಾಣುತ್ತಿತ್ತು.

ಅದೇ ಸಮಯಕ್ಕೆ ಆಪಾಗೆ ಕಲಬುರಗಿ ಕಡೆಯ ಕಾಲೇಜೊಂದರಲ್ಲಿ ಇದೇ ವಿದ್ಯೆ ಕಲಿಸುವ ಕೆಲಸ ಸಿಕ್ಕಿತು. ಆಫೀಸನ್ನು ನನಗೆ ಒಪ್ಪಿಸಿದರು. ಹೊರಡುವ ಮುಂಚಿನ ಭಾನುವಾರ, "ನಿಮ್ಮೂರಿಗೆ ಬತ್ತೀನಿ. ರೋಡು ಬರೆದೋಳು ನಾನು, ಒಂದಿನಾನೂ ತುಳಿದಿಲ್ಲ" ಎಂದರು. ನಿಜ, ಅವರು ನಮ್ಮ ದೊಡ್ಡಿಯ ಪ್ರತಿ ಹೆಂಚನ್ನೂ ಬಲ್ಲರು, ಕಾಲಿಟ್ಟಿರಲಿಲ್ಲ. ಸಂಜೆ ಬಸ್ಸಿನಲ್ಲಿ ಬಂದರು. ಡ್ರೈವರ್ ಪಕ್ಕದ ಸೀಟಿನಲ್ಲಿ ಕೂತು, "ಈಗ ಎಡಕ್ಕೆ ತಿರುವು, ಈಗ ಹಳ್ಳ, ಬಲಕ್ಕೆ ಗೌಡ್ರ ಅಕ್ಕನ ಮನೆ" ಎಂದು ದಾರಿಯುದ್ದಕ್ಕೂ ಮುಂಚೆಯೇ ಹೇಳುತ್ತಾ ಬಂದರು. "ಮೇಡಂ ಈ ಊರೋರಾ?" ಎಂದು ಡ್ರೈವರ್ ಕೇಳಿದ್ದಕ್ಕೆ, "ಹೂಂ ಕಣಪ್ಪ" ಎಂದುಬಿಟ್ಟರು.

ಅತ್ತೆಯೂ ಅವರೂ ಮೊದಲ ಬಾರಿ ಮುಖಾಮುಖಿಯಾದರು. ಅಷ್ಟು ದಿನ ಫೋನಿನಲ್ಲಿ ಹರಟಿದ್ದವರು ಎದುರಿಗೆ ಬಂದಾಗ ಇಬ್ಬರಿಗೂ ನಾಚಿಕೆ. ಆಮೇಲೆ ಅತ್ತೆ, "ಕಂಬ್ಳಿ ತಂದಿದ್ದೀರಾ ಆಪವ್ವ?" ಎಂದರು, ಇಬ್ಬರೂ ನಕ್ಕರು. ಮುದ್ದೆ, ಅವರೆಕಾಳಿನ ಸಾರು ಮಾಡಿದ್ದೆವು. ರಾತ್ರಿ ನಮ್ಮಲ್ಲೇ ಉಳಿದರು. ಮಮತಾ ಅವರ ಪಕ್ಕದಲ್ಲೇ ಹಾಸಿಕೊಂಡು, ಓದಿದರೆ ಮುಂದೆ ಏನೇನಾಗಬಹುದು ಎಂದು ಕೇಳುತ್ತಲೇ ಇದ್ದಳು. ಆಪಾ ಒಂದನ್ನೂ ತಳ್ಳಿಹಾಕದೆ ಉತ್ತರ ಕೊಡುತ್ತಿದ್ದರು.

ಬೆಳಗ್ಗೆ ನಾವು ಅರಳಿಕಟ್ಟೆಗೆ ಬಂದಾಗ ನನಗೆ ನಂಬಿಕೆಯೇ ಬರಲಿಲ್ಲ. ಅಕ್ಕಪಕ್ಕದ ದೊಡ್ಡಿಗಳ ಹುಡುಗಿಯರು ಹೊಲ ದಾಟಿಕೊಂಡು ಬಂದು ನಿಂತಿದ್ದಾರೆ, ಸಮವಸ್ತ್ರದಲ್ಲಿ. ಸೇವಂತಿಗೆ ಬುಟ್ಟಿಯವರು, ಆಸ್ಪತ್ರೆಗೆ ಹೊರಟ ಅಜ್ಜಿಯರು, ರಾಮನಗರಕ್ಕೆ ಗೂಡು ಮಾರಲು ಹೊರಟ ಗಂಡ ಹೆಂಡತಿ. ಪಕ್ಕದ ದೊಡ್ಡಿಗಳಲ್ಲಿ ಸುದ್ದಿ ಹರಡಲು ಅಷ್ಟು ದಿನ ಹಿಡಿದಿತ್ತು. ಬಸ್ಸು ಬಂದು ಕಟ್ಟೆ ಸುತ್ತಿ ನಿಲ್ಲುವ ಮೊದಲೇ ಕಿಟಕಿಗಳಿಂದ ಕರ್ಚೀಫು, ಟವೆಲು, ಪುಸ್ತಕದ ಚೀಲ ಒಳಗೆ ಬಿದ್ದವು. ಅತ್ತೆ ಕೊಟ್ಟ ಕೊನೆಯ ಲೋಟ ಕಾಫಿ ಮುಗಿಸುತ್ತಾ ನಿಧಾನಕ್ಕೆ ಬಂದ ಆಪಾ ಹತ್ತಿದಾಗ ಒಂದು ಸೀಟೂ ಉಳಿದಿರಲಿಲ್ಲ. ಬೈರಾಪಟ್ಟಣ ತಲುಪುವ ಹೊತ್ತಿಗೆ ಬಾಗಿಲಿನಲ್ಲೂ ಜನ.

ಮಮತಾ ಎದ್ದು ನಿಂತಳು. "ಬನ್ನಿ ಆಪಾ, ಕೂತ್ಕೊಳಿ." ಆಪಾ ಅವಳ ಹೆಗಲ ಮೇಲೆ ಕೈಯಿಟ್ಟು ಒತ್ತಿ ಕೂರಿಸಿದರು. "ಏಳ್ಬೇಡ. ನೀನು ಕೂತ್ಕಂಡೇ ಹೋಗ್ಬೇಕು" ಅಂದರು.

ಕಂಡಕ್ಟರು ಜನರ ನಡುವೆ ತೂರಿಕೊಂಡು ಬಂದ. ಆಪಾ ಯಾರೆಂದು ಅವನಿಗೆ ಗೊತ್ತಿಲ್ಲ. ಟಿಕೆಟ್ಟು ಹರಿದು ಅವರ ಕೈಗಿಡುತ್ತಾ, ಬೆವರು ಒರೆಸಿಕೊಂಡು, "ಒಳಗಡೆ ಹೋಗಮ್ಮ, ಒಳಗಡೆ ಹೋಗು. ಎಲ್ಲಿದ್ರೋ ಇಷ್ಟು ಜನ. ಈ ದೊಡ್ಡಿಗೆ ಇನ್ನೊಂದು ಬಸ್ಸು ಬುಡ್ಬೇಕು ಅಂತ ಸಾಹೇಬ್ರಿಗೆ ಹೇಳ್ತೀನಿ ಇವತ್ತು" ಎಂದು ಗೊಣಗಿದ.

ಆಪಾ ತಿರುಗಿ ನನ್ನನ್ನು ನೋಡಿದರು. ನಗುತ್ತಿದ್ದರು, ಕಣ್ಣಲ್ಲಿ ನೀರು ಬಂದಿತ್ತು. ಚನ್ನಪಟ್ಟಣದಲ್ಲಿ ಜನ ಇಳಿಯುವ ನೂಕುನುಗ್ಗಲಿನಲ್ಲಿ ಮಮತಾಳನ್ನು ಕಾಲೇಜಿನ ಕಡೆ ಕಳಿಸಿ ನಾನು ತಿರುಗುವಷ್ಟರಲ್ಲಿ ಅವರು ಆಟೋ ಹತ್ತಿದ್ದರು. ಆಮೇಲೆ ಫೋನಿನಲ್ಲಿ ಮಾತಾಡಿದ್ದೇವೆ, ಇವತ್ತಿಗೂ ಆಡುತ್ತೇವೆ, ನೋಡಿಲ್ಲ. ಜಬೀನಾ ಆಪಾ ಅಂದರೆ ನನ್ನ ಕಣ್ಣಿಗೆ ಬರುವುದು ಆ ಬೆಳಗಿನ ಅವರು. ನಮ್ಮೂರ ಬಸ್ಸಿನಲ್ಲಿ, ಮೇಲಿನ ಕಂಬಿ ಹಿಡಿದುಕೊಂಡು, ಕಾಲಿಡಲೂ ಜಾಗವಿಲ್ಲದೆ ನಿಂತ ಹೆಂಗಸು. ಅಷ್ಟು ಖುಷಿಯಾಗಿ ನಿಂತುಕೊಂಡು ಪ್ರಯಾಣ ಮಾಡಿದ ಇನ್ನೊಬ್ಬರನ್ನು ನಾನು ಕಂಡಿಲ್ಲ.